ಥಾರ್ ಜೀಪಿಗೆ ಏರ್ ಕಂಪ್ರೆಸರ್ (ಟೈರಿಗೆ ಗಾಳಿ ತುಂಬೋ ಪಂಪ್): ಪೋರ್ಟಬಲ್ಲಾ, ಬಾನೆಟ್ ಒಳಗೆ ಫಿಕ್ಸ್ ಮಾಡ್ಸೋದಾ?

ಮೂಡಿಗೆರೆ ಥಾರ್:
ಎಲ್ರಿಗೂ ನಮಸ್ಕಾರ, ಮಳೆಗಾಲದಲ್ಲಿ ತೋಟದ ದಾರಿ ಪೂರ್ತಿ ಕೆಸರು, ಟೈರ್ ಗಾಳಿ 18-20 ಪಿಎಸ್‌ಐಗೆ (ಗಾಳಿ ಒತ್ತಡದ ಅಳತೆ) ಇಳಿಸ್ಕೊಂಡ್ರೆ ಗಾಡಿ ಸಲೀಸಾಗಿ ಹತ್ತುತ್ತೆ, ಆದ್ರೆ ಟಾರ್ ರೋಡಿಗೆ ಬಂದ್ಮೇಲೆ ವಾಪಸ್ 30ರ ಹತ್ರ ತುಂಬ್ಲೇಬೇಕು, ಪಂಚರ್ ಅಂಗಡಿ ನೋಡಿದ್ರೆ ದೂರ. ಹೋದ್ಸಲ ಸಿಗರೇಟ್ ಸಾಕೆಟ್‌ಗೆ ಹಾಕೋ ಚಿಕ್ಕ ಪಂಪ್ ಎರಡನೇ ಟೈರಿಗೇ ಬಿಸಿಯಾಗಿ ನಿಂತೋಯ್ತು. ಯಾವ್ದು ತಗೊಳ್ಲಿ?

ಸಕಲೇಶಪುರ ಜೀಪು:
ಸಾಕೆಟ್ ಫ್ಯೂಸ್ ಸಾಮಾನ್ಯವಾಗಿ 10-15 ಆಂಪ್ ಅಷ್ಟೇ ಸಾರ್, ದೊಡ್ಡ ಟೈರಿಗೆ ಸಾಲಲ್ಲ. ಬ್ಯಾಟರಿಗೇ ಕ್ಲಿಪ್ ಹಾಕೋ ಡಬಲ್ ಸಿಲಿಂಡರ್ ಪೋರ್ಟಬಲ್ ತಗೊಳಿ, ಇಂಜಿನ್ ಆನ್ ಇಟ್ಕೊಂಡೇ ತುಂಬ್ಸಿ ಇಲ್ಲಾಂದ್ರೆ ಬ್ಯಾಟರಿ ಇಳಿಯುತ್ತೆ. ನಾನು ಅದನ್ನೇ ಟ್ರ್ಯಾಕ್ಟರಿಗೆ, ಪಿಕಪ್‌ಗೆ, ಪಕ್ಕದ ತೋಟದೋರ ಬೈಕಿಗೆ ಎಲ್ಲಾದಕ್ಕೂ ಎತ್ಕೊಂಡೋಗ್ತೀನಿ, ಫಿಕ್ಸ್ ಮಾಡಿದ್ರೆ ಇದಾಗುತ್ತಾ ಹೇಳಿ. ತಗೊಳೋವಾಗ ಡ್ಯೂಟಿ ಸೈಕಲ್ ನೋಡಿ, ಎಷ್ಟೊತ್ತು ಓಡ್ಸಿ ಎಷ್ಟೊತ್ತು ಬಿಡ್ಬೇಕು ಅಂತ ಅದ್ರಲ್ಲೇ ಗೊತ್ತಾಗುತ್ತೆ.

ಹಾಸನ 4x4:
ವಾರಾವಾರ ಬಿಸ್ಲೆ ಘಾಟಿ ಕಡೆ ಹೋಗೋನು ನಾನು, ಫಿಕ್ಸೇ ಮಾಡ್ಸಿದೀನಿ. ಮಳೇಲಿ ಡಿಕ್ಕಿ ಖಾಲಿ ಮಾಡಿ ಪಂಪ್ ಹುಡ್ಕೋ ಕಷ್ಟ ಇಲ್ಲ, ಪೈಪ್ ಸಿಕ್ಸಿ ಸ್ವಿಚ್ ಒತ್ತಿದ್ರಾಯ್ತು. ಏರ್ ಲಾಕರ್ (ಒಂದು ಚಕ್ರ ಜಾರಿದ್ರೂ ಎರಡೂ ಒಟ್ಟಿಗೇ ತಿರುಗೋ ಹಾಗೆ ಲಾಕ್ ಮಾಡೋದು) ಹಾಕ್ಸೋ ಯೋಚ್ನೆ ಇದ್ರೆ ಫಿಕ್ಸೇ ಬೇಕು, ಲಾಕರ್ ಕೆಲ್ಸ ಮಾಡೋಕೆ ಅದೇ ಗಾಳಿ. ಆದ್ರೆ ವೈರಿಂಗ್ ದಯವಿಟ್ಟು ಗೊತ್ತಿರೋರ ಹತ್ರನೇ ಮಾಡ್ಸಿ, ದಪ್ಪ ವೈರು, ರಿಲೇ (ಜಾಸ್ತಿ ಕರೆಂಟ್ ಸ್ವಿಚ್ ಮೂಲಕ ಹೋಗದಂಗೆ ನೋಡ್ಕೊಳ್ಳೋದು), ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಇಷ್ಟಿಲ್ದೆ ಹಾಕ್ಸಿದ್ರೆ ಬೆಂಕಿ ಹತ್ಕೊಬಹುದು. ಹಳ್ಳ ದಾಟೋ ಗಾಡಿ ಆದ್ರೆ ಕಂಪ್ರೆಸರ್ ಆದಷ್ಟು ಮೇಲೆ ಕೂರ್ಸಿ.

ಮೂಡಿಗೆರೆ ಥಾರ್:
ಲಾಕರ್ ಸದ್ಯಕ್ಕಿಲ್ಲ, ತೋಟದ ಟ್ರ್ಯಾಕ್ಟರಿಗೂ ಬೇಕು, ಸೋ ಕ್ಲಿಪ್ ಹಾಕೋದನ್ನೇ ತಗೋತೀನಿ. ತುಂಬಾ ಥ್ಯಾಂಕ್ಸ್ ಇಬ್ರಿಗೂ.