ಮಿಂಟ್ ಹಾಕಿದ ರಾತ್ರಿ ಸರಿ, ಬೆಳಿಗ್ಗೆ ಬೂಟ್ ಆಗಲ್ಲ [ಪರಿಹಾರವಾಯ್ತು: ಬಯಾಸ್ ಬ್ಯಾಟರಿ]

ನಾಪೋಕ್ಲಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲೊಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಇದೆ. ಅಪ್ಪ ತೋಟದ ಆಳುಗಳ ಸಂಬಳದ ಲೆಕ್ಕ ಬರೆಯೋದು ಅದರಲ್ಲೇ, ತಂಗಿ ಪಿಯುಸಿಗೆ ಓದೋದೂ ಅದರಲ್ಲೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಅಪ್‌ಡೇಟ್ ನಿಂತಿತು, ಈ ಮೆಷೀನ್‌ಗೆ 11 ಹಾಕಕ್ಕಾಗಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತ ಹೊಸ 240 ಜಿಬಿ ಎಸ್‌ಎಸ್‌ಡಿ ತಂದೆ. ಇಲ್ಲಿನ ನೆಟ್‌ನಲ್ಲಿ ಸುಮಾರು 3 ಜಿಬಿ ಇಳಿಸೋ ಹೊತ್ತಿಗೆ ಮೂರು ಸಲ ಕರೆಂಟ್ ಹೋಗುತ್ತೆ, ಮೈಸೂರಿನಲ್ಲಿರೋ ಗೆಳೆಯನೊಬ್ಬ ಪೆನ್ ಡ್ರೈವ್‌ನಲ್ಲಿ ತಂದುಕೊಟ್ಟ.

ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ಆಗೋ ಹೊಸ ವಿಧಾನ ಯುಇಎಫ್‌ಐ ಇಟ್ಟೆ, ಸಹಿ ಇಲ್ಲದ ಸಾಫ್ಟ್‌ವೇರ್ ಏಳದಂತೆ ತಡೆಯೋ ಸೆಕ್ಯೂರ್ ಬೂಟ್ ಆಫ್ ಮಾಡಿದೆ, ಇನ್‌ಸ್ಟಾಲ್ ಒಂದೂ ತಪ್ಪಿಲ್ಲದೆ ಮುಗಿಯಿತು. ಎರಡು ಸಲ ರೀಸ್ಟಾರ್ಟ್ ಮಾಡಿದೆ, ಎರಡು ಸಲವೂ ಬಂತು. ಶಟ್‌ಡೌನ್ ಮಾಡಿ ಮಲಗಿದೆ. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ‘ನೋ ಬೂಟಬಲ್ ಡಿವೈಸ್’.

ಮತ್ತೆ ಇನ್‌ಸ್ಟಾಲ್ ಮಾಡಿದೆ, ಮರುದಿನ ಅದೇ ಕಥೆ. ಮೂರನೇ ಸಲವೂ ಅಷ್ಟೇ. ಎಸ್‌ಎಸ್‌ಡಿ ಹಾಳಾಗಿದೆಯಾ? ಅಂಗಡಿಗೆ ವಾಪಸ್ ಕೊಡಬೇಕಾದರೆ ಈ ವಾರದೊಳಗೆ ಕೊಡಬೇಕು. ಶನಿವಾರ ಬಟವಾಡೆ ಬೇರೆ ಇದೆ, ಅಪ್ಪ ಸದ್ಯಕ್ಕೆ ಪುಸ್ತಕದಲ್ಲಿ ಬರೆಯುತ್ತಿದ್ದಾರೆ.

ವಿರಾಜಪೇಟೆಯಿಂದ

ಸೆಕ್ಯೂರ್ ಬೂಟ್ ನಿಜವಾಗಿ ಆಫ್ ಆಗಿದೆಯಾ, ಸೇವ್ ಮಾಡಿ ಹೊರಗೆ ಬಂದಿರಾ ನೋಡಿ. ಮಿಂಟ್ ಅದು ಆನ್ ಇದ್ದರೂ ಸಾಮಾನ್ಯವಾಗಿ ಏಳುತ್ತೆ, ಆದರೂ ಒಮ್ಮೆ ನೋಡಿ. ಸಾಟಾ ಮೋಡ್ (ಬೋರ್ಡು ಡಿಸ್ಕ್ ಜೊತೆ ಮಾತಾಡೋ ರೀತಿ) ಎಎಚ್‌ಸಿಐ ಇದೆಯೋ ರೇಡ್ ಇದೆಯೋ ಅದನ್ನೂ ಹೇಳಿ. ನನಗೆ ಹಿಂದೆ ಒಮ್ಮೆ ಕೇಬಲ್ ಸಡಿಲವಾಗಿ ಹೀಗೇ ಆಗಿತ್ತು. ಸಾಟಾ ವೈರ್ ಕಿತ್ತು ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ನಾಪೋಕ್ಲಿನಿಂದ

ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಏನೂ ಆಗಲಿಲ್ಲ. ಮೋಡ್ ಎಎಚ್‌ಸಿಐ. ಪೆನ್ ಡ್ರೈವ್‌ನಿಂದ ಎಬ್ಬಿಸಿದರೆ ಎಸ್‌ಎಸ್‌ಡಿ ಕಾಣಿಸುತ್ತೆ, ಒಳಗಿನ ಫೈಲ್‌ಗಳೂ ತೆರೆಯುತ್ತವೆ. ಸುಮಾರು 512 ಎಂಬಿಯ ಸಣ್ಣ ಪಾರ್ಟಿಶನ್ ಒಂದು, ಉಳಿದದ್ದೆಲ್ಲ ಇನ್ನೊಂದು.

ಕುಶಾಲನಗರದಿಂದ

ಫೈಲ್ ತೆರೆಯುತ್ತಿದೆ ಅಂದರೆ ಎಸ್‌ಎಸ್‌ಡಿ ವಾಪಸ್ ಕೊಡೋ ಯೋಚನೆ ಸದ್ಯ ಬಿಡಿ. ದಯವಿಟ್ಟು ನಾಲ್ಕನೇ ಸಲ ಇನ್‌ಸ್ಟಾಲ್ ಮಾಡಬೇಡಿ. ಪ್ರತಿ ಸಲ ಅಳಿಸಿ ಹಾಕಿದಾಗ ಯಾಕೆ ನಿಂತಿತು ಅನ್ನೋದಕ್ಕೆ ಇದ್ದ ಸಾಕ್ಷಿಯೂ ಅಳಿಸಿಹೋಗುತ್ತೆ. ವಿಂಡೋಸ್ ಇದ್ದ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ಅದು ಹಾಗೇ ಹೊರಗೇ ಇರಲಿ, ಅಪ್ಪನ ಲೆಕ್ಕ ಅದರಲ್ಲಿದೆ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ: ರೀಸ್ಟಾರ್ಟ್‌ಗೆ ಬರುತ್ತೆ, ರಾತ್ರಿ ಕಳೆದರೆ ಬರಲ್ಲ. ರಾತ್ರಿ ಏನು ಬದಲಾಗುತ್ತೆ? ಗೋಡೆ ಸ್ವಿಚ್ ಆಫ್ ಮಾಡುತ್ತೀರಾ?

ಇನ್ನೆರಡು ವಿಷಯ ನೋಡಿ ಹೇಳಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ನೇರ ಬಯಾಸ್‌ಗೆ ಹೋಗಿ ಅಲ್ಲಿ ತಾರೀಖು ಏನಿದೆ ನೋಡಿ. ಮಿಂಟ್ ಒಳಗೆ ನೋಡಿದರೆ ಪ್ರಯೋಜನವಿಲ್ಲ. ಗಡಿಯಾರ ತೀರಾ ಹಿಂದಿದ್ದರೆ ಲಿನಕ್ಸ್ ಅದನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುತ್ತೆ, ನೆಟ್ ಸಿಕ್ಕಿದರೆ ಪೂರ್ತಿ ಸರಿಯೂ ಮಾಡಿಕೊಳ್ಳುತ್ತೆ, ಸುಳಿವು ಮುಚ್ಚಿಹೋಗುತ್ತೆ. ಆಮೇಲೆ ಏನೂ ಬದಲಿಸದೆ ಪೆನ್ ಡ್ರೈವ್‌ನಿಂದ ಎಬ್ಬಿಸಿ, ಫೈಲ್ ಮ್ಯಾನೇಜರ್‌ನಲ್ಲಿ ರೂಟ್‌ನ ಕೆಳಗೆ ‘ಸಿಸ್’, ಅದರೊಳಗೆ ‘ಫರ್ಮ್‌ವೇರ್’ ತೆಗೆಯಿರಿ. ಅಲ್ಲಿ ‘ಇಎಫ್‌ಐ’ ಅನ್ನೋ ಫೋಲ್ಡರ್ ಇದ್ದರೆ ಮೆಷೀನ್ ಯುಇಎಫ್‌ಐನಲ್ಲಿ ಎದ್ದಿದೆ, ಇಲ್ಲದಿದ್ದರೆ ಹಳೇ ಲೆಗಸಿ ಮೋಡ್‌ನಲ್ಲಿ.

ನಾಪೋಕ್ಲಿನಿಂದ

ಅಣ್ಣಾ, ತಾರೀಖು 2015ರ ಜನವರಿ 1! ಇಎಫ್‌ಐ ಫೋಲ್ಡರ್ ಇಲ್ಲ. ಬಯಾಸ್‌ನಲ್ಲಿ ನೋಡಿದರೆ ನಾನು ಯುಇಎಫ್‌ಐ ಇಟ್ಟಿದ್ದ ಕಡೆ ಲೆಗಸಿ ಅಂತಿದೆ. ನಾನಂತೂ ಮುಟ್ಟಿಲ್ಲ, ತಂಗಿಯೂ ಮುಟ್ಟಿಲ್ಲ ಅಂತಾಳೆ.

ಹೌದು, ರಾತ್ರಿ ಗೋಡೆ ಸ್ವಿಚ್ ಆಫ್ ಮಾಡೋದು ನಮ್ಮ ಮನೆ ಅಭ್ಯಾಸ. ಮಾಡದಿದ್ದರೂ ಕಕ್ಕಡದ ಮಳೆಯಲ್ಲಿ ಕರೆಂಟ್ ಎಲ್ಲಿರುತ್ತೆ? ಮೊನ್ನೆ ಲೈನ್ ಮೇಲೆ ಸಿಲ್ವರ್ ಮರ ಬಿದ್ದು ಇಡೀ ರಾತ್ರಿ ಇರಲಿಲ್ಲ. ಯುಪಿಎಸ್ ಸತ್ತು ವರ್ಷವಾಯ್ತು.

ಕುಶಾಲನಗರದಿಂದ

ಸಿಕ್ಕಿತು. ನಿಮ್ಮ ಮಿಂಟ್‌ಗೆ ಏನೂ ಆಗಿಲ್ಲ, ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್, ಅಂದರೆ ಬಯಾಸ್ ಬ್ಯಾಟರಿ, ಸತ್ತಿದೆ.

ಆಗುತ್ತಿರೋದು ಇಷ್ಟು. ಗೋಡೆ ಸ್ವಿಚ್ ಆನ್ ಇರೋವರೆಗೆ, ಶಟ್‌ಡೌನ್ ಮಾಡಿದ್ದರೂ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ಬೋರ್ಡಿಗೆ 5 ವೋಲ್ಟ್ ಬರುತ್ತಲೇ ಇರುತ್ತೆ. ಗಡಿಯಾರ, ಬಯಾಸ್ ಸೆಟ್ಟಿಂಗ್ ಅದರಲ್ಲೇ ಉಳಿಯುತ್ತವೆ. ಅದು ನಿಂತಾಗ ಕಾಯಬೇಕಾದ್ದು ಆ ಸೆಲ್. ಅದು ಸತ್ತಿದ್ದರೆ ಬೋರ್ಡು ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತೆ, ನಿಮ್ಮದರಲ್ಲಿ ಅದು ಲೆಗಸಿ. ಲೆಗಸಿಯಲ್ಲಿ ಎದ್ದ ಬೋರ್ಡು ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ ಬೂಟ್ ಕೋಡ್ ಹುಡುಕುತ್ತೆ. ಮಿಂಟ್ ಎಬ್ಬಿಸೋ ಗ್ರಬ್ ಅನ್ನೋ ಪ್ರೋಗ್ರಾಮ್ ಇರೋದು ಆ 512 ಎಂಬಿ ಪಾರ್ಟಿಶನ್‌ನಲ್ಲಿ, ಲೆಗಸಿ ಅಲ್ಲಿಗೆ ಹೋಗೋದೇ ಇಲ್ಲ. ಪ್ರತಿ ಸಲ ಇನ್‌ಸ್ಟಾಲ್‌ಗೆ ಮೊದಲು ನೀವೇ ಯುಇಎಫ್‌ಐ ಇಡುತ್ತಿದ್ದಿರಿ, ಅದಕ್ಕೇ ಇನ್‌ಸ್ಟಾಲ್ ಮಾಡಿದ್ದರಿಂದ ಸರಿಹೋಯಿತು ಅಂತ ಕಾಣುತ್ತಿತ್ತು.

ಖಾತ್ರಿ ಮಾಡಿಕೊಳ್ಳಿ: ಯುಇಎಫ್‌ಐ ಇಟ್ಟು ಸೇವ್ ಮಾಡಿ, ಎಸ್‌ಎಸ್‌ಡಿಯಿಂದ ಎಬ್ಬಿಸಿ. ಪಟ್ಟಿಯಲ್ಲಿ ‘ಉಬುಂಟು’ ಅಂತ ಕಂಡರೆ ಗಾಬರಿ ಬೇಡ, ಮಿಂಟ್ ತನ್ನನ್ನು ಆ ಹೆಸರಲ್ಲೇ ಬರೆಸಿಕೊಳ್ಳುತ್ತೆ. ಎದ್ದ ಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಇದ್ದ ಹಾಗೇ ಹದಿನೈದು ನಿಮಿಷ ಬಿಟ್ಟು ಆನ್ ಮಾಡಿ. ಬರುತ್ತೆ. ಆಮೇಲೆ ಪ್ಲಗ್ ಕಿತ್ತು ಹದಿನೈದು ನಿಮಿಷ ಬಿಟ್ಟು ನೋಡಿ.

ಸೆಲ್ ಹೆಸರು ಸಿಆರ್2032. ಅಳತೆ ಹೆಸರಲ್ಲೇ ಇದೆ: 20 ಎಂಎಂ ಅಗಲ, 3.2 ಎಂಎಂ ದಪ್ಪ. ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ ಆಮೇಲೆ ಕೈಹಾಕಿ. ಸಾಕೆಟ್ ಅಂಚಿನಲ್ಲಿ ಸಣ್ಣ ಕ್ಲಿಪ್ ಇರುತ್ತೆ, ಅದನ್ನು ಉಗುರಿನಿಂದ ಹೊರಗೆ ಸರಿಸಿದರೆ ಸೆಲ್ ತಾನೇ ಮೇಲೇಳುತ್ತೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಜಾರಿದರೆ ಬೋರ್ಡಿನ ಗೆರೆ ಕಟ್ಟಾಗುತ್ತೆ. ಹೊಸದರ ಪ್ಲಸ್ ಗುರುತು ಮೇಲಕ್ಕಿರಲಿ. ಹಳೇ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಯುಇಎಫ್‌ಐ ಇಟ್ಟ ಮೇಲೂ ಏಳದಿದ್ದರೆ ಪೆನ್ ಡ್ರೈವ್‌ನ ಮೆನುವಿನಲ್ಲಿ ‘ಬೂಟ್ ರಿಪೇರ್’ ಇದೆ. ಆದರೆ ಪೆನ್ ಡ್ರೈವನ್ನೂ ಯುಇಎಫ್‌ಐನಲ್ಲೇ ಎಬ್ಬಿಸಿರಬೇಕು, ಇಲ್ಲದಿದ್ದರೆ ಅದು ತಪ್ಪು ಜಾಗದಲ್ಲಿ ಗ್ರಬ್ ಬರೆದೀತು.

ವಿರಾಜಪೇಟೆಯಿಂದ

ತಾರೀಖು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಈ ಮಳೆಗಾಲದಲ್ಲಿ ನಮ್ಮ ಕಡೆಯ ಹಳೇ ಡೆಸ್ಕ್‌ಟಾಪ್‌ಗಳಿಗೆಲ್ಲ ಮೊದಲು ಇದನ್ನೇ ನೋಡಬೇಕು.

ನಾಪೋಕ್ಲಿನಿಂದ

ಯುಇಎಫ್‌ಐ ಇಟ್ಟ ಕೂಡಲೇ ಎದ್ದಿತು, ಬೂಟ್ ರಿಪೇರ್ ಬೇಕಾಗಲಿಲ್ಲ. ಪ್ಲಗ್ ಇದ್ದಾಗ ಬಂತು, ಕಿತ್ತಾಗ ಮತ್ತೆ 2015. ಪಕ್ಕದ ಮನೆಯವರ ಮಲ್ಟಿಮೀಟರ್‌ನಲ್ಲಿ ಅಳೆದೆ: 3 ವೋಲ್ಟ್ ಇರಬೇಕಾದ ಸೆಲ್ 1.1 ತೋರಿಸಿತು. ಅದರ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು, ನಮ್ಮ ಥಂಡಿ ಅದನ್ನೂ ಬಿಟ್ಟಿಲ್ಲ. ಒಣ ಬಟ್ಟೆಯಲ್ಲಿ ಸಾಕೆಟ್ ಒರೆಸಿ ಹೊಸದು ಹಾಕಿದೆ.

ಎರಡು ರಾತ್ರಿ ಕರೆಂಟ್ ಇರಲಿಲ್ಲ, ಎರಡು ಬೆಳಿಗ್ಗೆಯೂ ನೇರ ಮಿಂಟ್‌ಗೇ ಬಂತು. ನಿನ್ನೆಯ ಬಟವಾಡೆಯನ್ನು ಅಪ್ಪ ಲಿಬ್ರೆಆಫೀಸ್‌ನಲ್ಲೇ ಮುಗಿಸಿದರು. ಕುಶಾಲನಗರದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ‘ಎಸ್‌ಎಸ್‌ಡಿ ಹಾಳಾಗಿದೆಯಾ’ ಅಂತಿದ್ದ ಶೀರ್ಷಿಕೆ ಬದಲಿಸಿದ್ದೇನೆ, ಹುಡುಕುವವರಿಗೆ ಬ್ಯಾಟರಿ ಅನ್ನೋ ಪದ ಮೊದಲೇ ಸಿಗಲಿ.