ಸಹಾಯ ಬೇಕು: ಲಿನಕ್ಸ್ ಮಿಂಟ್‌ನಲ್ಲಿ ಪ್ರಿಂಟರ್ ಡ್ರೈವರ್ ಅರ್ಧಕ್ಕೆ ನಿಂತಿದೆ, ಬೇರೇನೂ ಇನ್‌ಸ್ಟಾಲ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ವಾ, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇಲ್ಲ, ಅದಕ್ಕೇ ಹೋದ ವಾರ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದೆ. ತುಂಬಾ ಇಷ್ಟವಾಗಿದೆ, ಲ್ಯಾಪ್‌ಟಾಪ್ ಮತ್ತೆ ಚುರುಕಾಗಿದೆ. ವಾಪಸ್ ಹೋಗುವ ಮನಸ್ಸಿಲ್ಲ.

ಎಡವಟ್ಟಾಗಿದ್ದು ಪ್ರಿಂಟರ್ ವಿಷಯದಲ್ಲಿ. ಕಂಪನಿಯ ಸೈಟಿನಿಂದ ಡ್ರೈವರ್‌ನ ಡೆಬ್ ಫೈಲ್ (ಮಿಂಟ್‌ನಲ್ಲಿ ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡು, ಟರ್ಮಿನಲ್‌ನಲ್ಲಿ ಡಿಪಿಕೆಜಿ ಕಮಾಂಡ್ ಕೊಟ್ಟು ಹಾಕಲು ಹೋದೆ. ಡಿಪಿಕೆಜಿ ಆ ಒಂದು ಫೈಲನ್ನು ಮಾತ್ರ ಹಾಕುತ್ತದೆ, ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳನ್ನು ತಾನೇ ತರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಈಗ ಡ್ರೈವರ್ ಅರ್ಧಕ್ಕೆ ನಿಂತಿದೆ. ಬೇರೆ ಏನು ಹಾಕಲು ಹೋದರೂ, 'ಅನ್‌ಮೆಟ್ ಡಿಪೆಂಡೆನ್ಸೀಸ್' (ಬೇಕಾದ ಪ್ಯಾಕೇಜ್‌ಗಳು ಇಲ್ಲ) ಅಂತ ಮಿಂಟ್‌ನ ಇನ್‌ಸ್ಟಾಲ್ ಟೂಲ್ ಆದ ಆಪ್ಟ್ ನಿಲ್ಲಿಸಿಬಿಡುತ್ತದೆ.

ಆಪ್ಟ್‌ನ ಫಿಕ್ಸ್ ಬ್ರೋಕನ್ ಕಮಾಂಡ್ ಕೊಟ್ಟೆ. ಅದು ಡ್ರೈವರ್ ತೆಗೆಯುತ್ತೇನೆ ಅಂತ ಪಟ್ಟಿ ತೋರಿಸಿ, ವೈ ಅಥವಾ ಎನ್ ಒತ್ತು ಅನ್ನುತ್ತದೆ. ಪಟ್ಟಿಯಲ್ಲಿ ಸ್ಕ್ಯಾನರ್ ಪ್ಯಾಕೇಜ್ ಕೂಡ ಇದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಭಯವಾಗಿ ಎನ್ ಒತ್ತಿದೆ.

ವೈ ಒತ್ತಿದರೆ ಪಟ್ಟಿಯಲ್ಲಿ ಇರುವುದಷ್ಟೇ ಹೋಗುತ್ತದಾ? ಸ್ಕ್ಯಾನರ್ ಉಳಿಸಿಕೊಂಡು ಬರೀ ಡ್ರೈವರ್ ತೆಗೆಯುವ ದಾರಿ ಇದೆಯಾ? ಇನ್ನೊಂದು, ಒಂದೇ ಸಾಫ್ಟ್‌ವೇರ್ ಆಪ್ಟ್‌ನಲ್ಲೂ ಫ್ಲಾಟ್‌ಪ್ಯಾಕ್‌ನಲ್ಲೂ (ಸಾಫ್ಟ್‌ವೇರ್ ಹಾಕುವ ಇನ್ನೊಂದು ವಿಧಾನ) ಸಿಗುವಾಗ ನೀವು ಯಾವುದನ್ನು ಹಾಕುತ್ತೀರಿ? ಫ್ಲಾಟ್‌ಪ್ಯಾಕ್ ಜಾಗ ಜಾಸ್ತಿ ತಿನ್ನುತ್ತದೆ, ನನ್ನ ರೂಟ್ ಪಾರ್ಟಿಷನ್ (ಸಿಸ್ಟಂ ಇರುವ ಡಿಸ್ಕ್ ಭಾಗ) 30 ಜಿಬಿ ಮಾತ್ರ. ಎರರ್ ಪೂರ್ತಿ ಬೇಕಿದ್ದರೆ ಹೇಳಿ, ಕೆಳಗೆ ಹಾಕುತ್ತೇನೆ.