ಹೊಗೆಸೊಪ್ಪು ಬಿಟ್ಟರೆ ಸಾಕೇ, ಅಡಿಕೆಯನ್ನೂ ಬಿಡಬೇಕೇ?

ಪ್ರಶ್ನೆ (ತೀರ್ಥಹಳ್ಳಿ): ನಮ್ಮದು ಅಡಿಕೆ ತೋಟದ ಮನೆ. ಅಪ್ಪಯ್ಯ ಹೊಗೆಸೊಪ್ಪು ಬಿಟ್ಟಿದ್ದಾರೆ. ಆದರೆ ಊಟವಾದ ಕೂಡಲೇ ಹರಿವಾಣ ಎಳೆದುಕೊಂಡು, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ ಕವಳ (ಎಲೆಯಡಿಕೆ) ಹಾಕಲೇಬೇಕು. ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆಯೇ?

ಉತ್ತರ 1: ನಮ್ಮ ಅಜ್ಜಿ ಕೊನೆಯವರೆಗೂ ಕವಳ ಹಾಕಿದರು, ಏನೂ ಆಗಲಿಲ್ಲ. ಸುಮ್ಮನೆ ಹೆದರಬೇಡಿ.

ಉತ್ತರ 2 (ದಂತವೈದ್ಯೆ, ಶಿವಮೊಗ್ಗ): ಅಜ್ಜಿಯ ಅದೃಷ್ಟ ಊರಿಗೆಲ್ಲ ಹಂಚಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಹೊಗೆಸೊಪ್ಪಿಲ್ಲದ ಕವಳವನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂಬುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗದಂತೆ ಮಾಡುವುದೂ ಅಡಿಕೆಯೇ. ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ನಿಲ್ಲಿಸಲು ಹೇಳಿ. ಅದು ಆಗದಿದ್ದರೆ, ಖಾರಕ್ಕೆ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ತಡಮಾಡದೆ ತೋರಿಸಿ. ಕವಳವನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವ ಚಾಳಿ ಇದ್ದರೆ ಅದನ್ನು ಇಂದೇ ನಿಲ್ಲಿಸಿ.

ಪ್ರಶ್ನೆ ಕೇಳಿದವರು: ಎರಡೇ ಬೆರಳು ಹಿಡಿಸುತ್ತವೆ, ಮೇಡಂ. ಸೋಮವಾರ ತೋರಿಸುತ್ತೇವೆ. ಅಪ್ಪಯ್ಯ ಮಾತ್ರ “ಹಾಗಾದರೆ ತೋಟ ಕಡಿಸೋಣವೇ?” ಎಂದು ರೇಗಿ ಕುಳಿತಿದ್ದಾರೆ.